ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ದೂರ?

ಲಂಡನ್‌ನಿಂದ ಪ್ಯಾರಿಸ್‌ಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು 344 ಕಿಲೋಮೀಟರ್. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದವರು ಬೆಳಗ್ಗೆ ಮಂಗಳೂರಿನಲ್ಲಿ ಇಳಿಯುತ್ತಾರಲ್ಲ, ಹೆಚ್ಚೂ ಕಡಿಮೆ ಅಷ್ಟೇ ದಾರಿ. ಆದರೆ ಇದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಟಿಕೆಟ್ಟಿನಲ್ಲಿ ಹತ್ತೂವರೆಗೆ ಹೊರಟು ಒಂದಕ್ಕೆ ಹತ್ತು ನಿಮಿಷ ಇರುವಾಗ ತಲುಪುತ್ತೀರಿ ಎಂದಿರುತ್ತದೆ. ಅದರಲ್ಲಿ ಒಂದು ಗಂಟೆ ಬರೀ ಗಡಿಯಾರದ್ದು. ಪ್ಯಾರಿಸ್ ಲಂಡನ್‌ಗಿಂತ ಒಂದು ಗಂಟೆ ಮುಂದೆ. ಉಳಿದ ಒಂದೂ ಕಾಲು ಗಂಟೆ ಚಿಲ್ಲರೆಯಲ್ಲಿ ವಿಮಾನದ ಚಕ್ರ ನೆಲ ಬಿಟ್ಟಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಸೂರ್ಯನನ್ನು ಕೇಳಿದರೋ, ಒಂಬತ್ತು ನಿಮಿಷ ಇಪ್ಪತ್ತೊಂದು ಸೆಕೆಂಡು ಅನ್ನುತ್ತಾನೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಅಕ್ಕನ ಮಗ ಹೌನ್ಸ್‌ಲೋದಲ್ಲಿ ಮನೆ ಮಾಡಿದ್ದಾನೆ. ಹೀಥ್ರೂ ವಿಮಾನ ನಿಲ್ದಾಣಕ್ಕೆ ಕೂಗಳತೆಯ ದೂರ. ಬೆಳಗ್ಗೆ ಕಾರಿನಲ್ಲಿ ಬಿಡಲು ಬಂದವನಿಗೆ, ಮೊದಲು ಉತ್ತರದ ಅಂಚಿನ ರಸ್ತೆಗೆ ತಿರುಗಿಸು, ಅಲ್ಲೊಂದು ಫಿರಂಗಿ ನೋಡಬೇಕು ಎಂದೆ. ಅವನಿಗೆ ನಗು. ‘ಮಾವ, ಇಷ್ಟು ವರ್ಷದಿಂದ ಇದೇ ರಸ್ತೆಯಲ್ಲಿ ಓಡಾಡ್ತಿದ್ದೀನಿ, ಇಲ್ಲಿ ಕಾರ್ ಪಾರ್ಕಿಂಗ್ ಬಿಟ್ಟರೆ ಏನೂ ಇಲ್ಲ. ನೀವು ಫ್ಲೈಟ್ ಹಿಡಿಯೋಕೆ ಬಂದಿರೋ, ಫಿರಂಗಿ ನೋಡೋಕೋ?’

ಎರಡಕ್ಕೂ. ಫಿರಂಗಿ ಅಲ್ಲೇ ಇತ್ತು. ಬಾಯಿ ಆಕಾಶಕ್ಕೆ ಮಾಡಿ, ಅರ್ಧ ಮೈ ಹೂತು ನೆಟ್ಟಗೆ ನಿಲ್ಲಿಸಿದ ಹಳೆಯ ಕಬ್ಬಿಣದ ಕೊಳವೆ. ಪಕ್ಕದಲ್ಲೊಂದು ಫಲಕ. ತಲೆಯ ಮೇಲೆ ನಿಮಿಷಕ್ಕೊಂದು ವಿಮಾನ ಹೊಟ್ಟೆ ತೋರಿಸಿ ಹೋಗುತ್ತಿದ್ದರೂ ಅದರ ಕಡೆ ತಿರುಗಿ ನೋಡುವವರಿಲ್ಲ. ಜಗತ್ತಿನ ಅತಿ ನಿಬಿಡ ವಿಮಾನ ನಿಲ್ದಾಣಗಳಲ್ಲೊಂದರ ಬೇಲಿಯ ಹೊರಗೆ ನಿಂತಿರುವ ಈ ಕೊಳವೆ, ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ದೂರ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ಹೊರಟವರು ಅಳೆದ ಮೊದಲ ಗೆರೆಯ ಒಂದು ತುದಿಯ ಗುರುತು. ಇದರ ಜೋಡಿ ಫಿರಂಗಿ ಆಗ್ನೇಯಕ್ಕೆ ಎಂಟು ಕಿಲೋಮೀಟರ್ ಚಿಲ್ಲರೆ ದೂರದ ಹ್ಯಾಂಪ್ಟನ್‌ನಲ್ಲಿದೆ. 1944ರಲ್ಲಿ ವಿಮಾನ ನಿಲ್ದಾಣ ಕಟ್ಟುವಾಗ ಇದನ್ನು ಕಿತ್ತಿದ್ದರು. 1972ರಲ್ಲಿ ಮತ್ತೆ ತಂದು ನೆಟ್ಟರು.

ಕಥೆ 1783ರದು. ಪ್ಯಾರಿಸ್ ವೀಕ್ಷಣಾಲಯದ ಕ್ಯಾಸಿನಿ ಡಿ ತುರಿ ಬ್ರಿಟಿಷ್ ಸರ್ಕಾರಕ್ಕೆ ಒಂದು ಮನವಿ ಬರೆದ. ಲಂಡನ್‌ನ ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳ ನಡುವಿನ ಅಂತರ ಎರಡೂ ದೇಶದ ಲೆಕ್ಕದಲ್ಲಿ ತಾಳೆಯಾಗುತ್ತಿಲ್ಲ, ನೀವು ಆ ಕಡೆಯಿಂದ ಅಳೆಯಿರಿ, ನಾವು ಈ ಕಡೆಯಿಂದ ಅಳೆಯುತ್ತೇವೆ ಎಂದು. ಗ್ರೀನಿಚ್‌ನವರಿಗೆ ಇದು ಅಷ್ಟು ರುಚಿಸಲಿಲ್ಲ. ತಮ್ಮ ಲೆಕ್ಕ ತಪ್ಪು ಎಂದು ಪಕ್ಕದ ಮನೆಯವರು ಹೇಳಿದರೆ ಯಾರಿಗೆ ಹಿಡಿಸುತ್ತದೆ? ಅದೂ ಅಮೆರಿಕದ ಯುದ್ಧದಲ್ಲಿ ಎದುರಾಳಿಗಳಾಗಿದ್ದ ಎರಡು ದೇಶ. ಆದರೂ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಮುತುವರ್ಜಿ ವಹಿಸಿದ, ಮೂರನೆಯ ಜಾರ್ಜ್ ದೊರೆ ಹಣ ಕೊಟ್ಟ, ವಿಲಿಯಂ ರಾಯ್ ಎಂಬ ಸೇನಾಧಿಕಾರಿ ಕೆಲಸ ಹೊತ್ತುಕೊಂಡ.

ಇಷ್ಟು ದೂರವನ್ನು ಯಾರೂ ನೆಲದ ಮೇಲೆ ಕೋಲು ಹಿಡಿದು ಅಳೆಯುವುದಿಲ್ಲ. ಸಮತಟ್ಟಾದ ಕಡೆ ಒಂದು ಗೆರೆಯನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪದಂತೆ ಅಳೆದುಕೊಳ್ಳುತ್ತಾರೆ. ಅದು ಆಧಾರರೇಖೆ. ಅದರ ಎರಡು ತುದಿಯಿಂದ ದೂರದ ಗುಡ್ಡವನ್ನೋ ಗೋಪುರವನ್ನೋ ನೋಡಿ ಕೋನ ಹಿಡಿದರೆ ತ್ರಿಕೋನವಾಯಿತು. ಉಳಿದೆರಡು ಬಾಹುಗಳ ಉದ್ದ ಲೆಕ್ಕದಲ್ಲೇ ಸಿಗುತ್ತದೆ. ಆ ಬಾಹುವಿನ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಕಡಲಿನವರೆಗೆ, ಕಡಲು ದಾಟಿ ಆಚೆಗೆ. ಮೊದಲ ಗೆರೆ ತಪ್ಪಿದರೆ ಪ್ಯಾರಿಸ್‌ವರೆಗೂ ತಪ್ಪು. ಅದಕ್ಕೇ ರಾಯ್ ಸಮತಟ್ಟಾದ ಹೌನ್ಸ್‌ಲೋ ಬಯಲನ್ನು ಆರಿಸಿಕೊಂಡ. 1784ರ ಬೇಸಿಗೆ. ಮೊದಲು ಮರದ ಕೋಲುಗಳಿಂದ ಅಳೆದರು. ಆ ವರ್ಷ ಮಳೆಯೋ ಮಳೆ. ಮಲೆನಾಡಿನ ಮನೆಗಳಲ್ಲಿ ಜಡಿಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ ಕೋಲುಗಳೂ ಥಂಡಿಗೆ ಉಬ್ಬಿ ಉದ್ದವಾದವು. ಅಳೆಯುವ ಕೋಲೇ ಬೆಳೆದರೆ ಅಳತೆ ಎಲ್ಲಿಯದು? ಅಷ್ಟನ್ನೂ ಬದಿಗಿಟ್ಟು, ಇಪ್ಪತ್ತು ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ ಮತ್ತೆ ಮೊದಲಿನಿಂದ ಅಳೆದರು. ಗಾಜಿನ ಕೊಳವೆಯನ್ನು ಬಯಲಿನಲ್ಲಿ ಒಂದರ ತುದಿಗೆ ಒಂದು ಹೊಂದಿಸುತ್ತಾ ಎಂಟು ಕಿಲೋಮೀಟರ್! ದೊರೆ ಖುದ್ದಾಗಿ ನೋಡಲು ಬಂದನಂತೆ. ಕೊನೆಗೆ ಬಂದ ಉದ್ದ 27,404 ಅಡಿ ಚಿಲ್ಲರೆ. ಈ ಕೆಲಸಕ್ಕೆ ಮರುವರ್ಷ ರಾಯಲ್ ಸೊಸೈಟಿ ರಾಯ್‌ಗೆ ಕಾಪ್ಲಿ ಪದಕ ಕೊಟ್ಟಿತು.

ಇದೇ ವಿದ್ಯೆ ಹದಿನಾರು ವರ್ಷಗಳ ನಂತರ ನಮ್ಮ ಬೆಂಗಳೂರಿಗೂ ಬಂತು. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಆಧಾರರೇಖೆ ಅಳೆದ. ಅವನ ಕೈಯಲ್ಲಿದ್ದ ನೂರು ಅಡಿಯ ಉಕ್ಕಿನ ಸರಪಳಿ ಲಂಡನ್‌ನ ಜೆಸ್ಸಿ ರ್‍ಯಾಮ್ಸ್‌ಡೆನ್ ಮಾಡಿದ್ದು. ಚೀನಾದ ಚಕ್ರವರ್ತಿಗೆ ಉಡುಗೊರೆಯೆಂದು ಹೋಗಿ, ಅವರಿಗೆ ಬೇಡವಾಗಿ, ಕಲ್ಕತ್ತಾ ಸೇರಿ, ಅಲ್ಲಿಂದ ಇಲ್ಲಿಗೆ ಬಂದದ್ದು. ರಾಯ್‌ನ ಕೋನಮಾಪಕವೂ ಅದೇ ರ್‍ಯಾಮ್ಸ್‌ಡೆನ್‌ನ ಕೈಕೆಲಸವೇ. ಹೌನ್ಸ್‌ಲೋ ಬಯಲಿನ ಮುಂದುವರಿಕೆ ನಮ್ಮೂರಿನ ನೆಲದಲ್ಲೂ ಇದೆ ಎಂದು ಹೇಳಿದಾಗ ಅಕ್ಕನ ಮಗ ಮೊದಲ ಸಲ ಫಿರಂಗಿಯ ಹತ್ತಿರ ಬಂದು ಮುಟ್ಟಿ ನೋಡಿದ.

ವಿಮಾನದ ಬಾಗಿಲು ಹಾಕಿದ ಮೇಲೂ ಪ್ರಯಾಣ ಶುರುವಾಗುವುದಿಲ್ಲ. ಹೀಥ್ರೂದಲ್ಲಿ ರನ್‌ವೇ ಎರಡೇ. ಮುಂದೊಂದು, ಹಿಂದೊಂದು, ಅದರ ಹಿಂದೆ ಮತ್ತೊಂದು ವಿಮಾನ ಸಾಲುಗಟ್ಟಿ ತೆವಳುತ್ತವೆ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ, ಆಗ್ನೇಯದ ಪ್ಯಾರಿಸ್‌ಗೆ ಹೋಗಬೇಕಾದ ವಿಮಾನ ಮೊದಲು ಪಶ್ಚಿಮಕ್ಕೆ ಮುಖ ಮಾಡಿ ಏರುತ್ತದೆ. ಹೋಗಬೇಕಾದ ಊರಿಗೆ ಬೆನ್ನು ಹಾಕಿ ಹೊರಡುವ ಈ ಪ್ರಯಾಣ ನನಗೆ ಬಲು ಸೋಜಿಗದ್ದು. ನಕಾಶೆಯಲ್ಲಿ ಎರಡು ಫಿರಂಗಿಗಳ ನಡುವೆ ಗೆರೆ ಎಳೆದು ನೋಡಿ: ರಾಯ್‌ನ ಆಧಾರರೇಖೆ ಇವತ್ತಿನ ಉತ್ತರದ ರನ್‌ವೇಯನ್ನು ಅಡ್ಡಹಾಯ್ದು ಆಗ್ನೇಯಕ್ಕೆ ಹೋಗುತ್ತದೆ. ಗಾಜಿನ ಕೊಳವೆ ಜೋಡಿಸುತ್ತಾ ಒಂದು ಬೇಸಿಗೆ ಸವೆಸಿದ ಆ ದೂರವನ್ನು ಪೂರ್ಣ ವೇಗ ಪಡೆದ ವಿಮಾನ ನಲವತ್ತು ಸೆಕೆಂಡಿನೊಳಗೆ ದಾಟುತ್ತದೆ.

ಕಿಟಕಿ ಸೀಟು ಎಡಗಡೆ ಸಿಕ್ಕಿತ್ತು. ಮೋಡ ಹರಿದಿತ್ತು. ಇಂಗ್ಲೆಂಡಿನ ಪುಟ್ಟ ಪುಟ್ಟ ಹಸಿರು ಗದ್ದೆಗಳು, ಅವುಗಳ ನಡುವಿನ ಗಿಡದ ಬೇಲಿಗಳು, ಆಮೇಲೆ ಥಟ್ಟನೆ ಬಿಳಿಯ ಅಂಚು. ಸುಣ್ಣದ ಬಂಡೆಯ ದಡ ಅಲ್ಲಿಗೆ ಮುಗಿದು ಬೂದು ನೀಲಿ ನೀರು. ಇಂಗ್ಲಿಷ್ ಕಡಲ್ಗಾಲುವೆ! ಎಡಕ್ಕೆ ಬಲು ದೂರದಲ್ಲಿ ಅದು ಕಿರಿದಾಗುತ್ತಾ ಹೋಗಿ ಮಂಜಿನಲ್ಲಿ ಕರಗುತ್ತದೆ. ಡೋವರ್‌ನ ಬಳಿ ಅದರ ಅಗಲ 33 ಕಿಲೋಮೀಟರ್ ಅಷ್ಟೇ. ನೆಪೋಲಿಯನ್‌ಗಾಗಲಿ ಹಿಟ್ಲರ್‌ಗಾಗಲಿ ದಂಡು ದಾಟಿಸಲಾಗದ ನೀರು ಇದೇ. ಪಕ್ಕದ ಸೀಟಿನ ತರುಣ ಕಾಫಿ ಕುಡಿಯುತ್ತಾ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವನನ್ನು ಅಲುಗಾಡಿಸಿ ‘ನೋಡಪ್ಪಾ’ ಅನ್ನುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ.

ಈ ಕಿರಿದಾದ ನೀರಿನ ಮೇಲೆ ಏನೇನು ನಡೆದಿಲ್ಲ. ರಾಯ್ ಹೌನ್ಸ್‌ಲೋದ ಗೆರೆ ಅಳೆದು ಮುಗಿಸಿದ ಕೆಲವೇ ತಿಂಗಳಿಗೆ, 1785ರ ಜನವರಿ 7ರಂದು, ಬ್ಲಾಂಶಾರ್ ಎಂಬ ಫ್ರೆಂಚ್ ಬಲೂನುಗಾರನೂ ಜಾನ್ ಜೆಫ್ರೀಸ್ ಎಂಬ ಅಮೆರಿಕದ ವೈದ್ಯನೂ ಡೋವರ್‌ನಿಂದ ಬಲೂನಿನಲ್ಲಿ ಹೊರಟರು. ನಡುನೀರಿನಲ್ಲಿ ಬಲೂನು ಕುಸಿಯತೊಡಗಿತು. ಭಾರ ಇಳಿಸಲು ಲಂಗರು ಎಸೆದರು, ತಿಂಡಿ ತೀರ್ಥ ಎಸೆದರು, ಕೊನೆಗೆ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿ ಎಸೆದರು. ಹೇಗೋ ದಾಟಿ ಕ್ಯಾಲೆ ಬಳಿಯ ಕಾಡಿನಲ್ಲಿ ಇಳಿದಾಗ ಜನವರಿಯ ಚಳಿಯಲ್ಲಿ ಇಬ್ಬರ ಮೈಮೇಲೂ ಮಾನ ಮುಚ್ಚುವಷ್ಟೂ ಇರಲಿಲ್ಲ. ಕಡಲ್ಗಾಲುವೆಯನ್ನು ಗಾಳಿಯಲ್ಲಿ ದಾಟಿದ ಮೊದಲ ಮನುಷ್ಯರು ಇವರು. ಕೈಚೀಲದ ತೂಕ ಒಂದು ಕಿಲೋ ಹೆಚ್ಚಾಯಿತೆಂದು ಕೌಂಟರಿನಲ್ಲಿ ಗೊಣಗುವ ನಾವು ಇವರನ್ನು ನೆನೆಯಬೇಕು.

ರಾಯ್ ಮಾತ್ರ ಇನ್ನೂ ಕಾಯುತ್ತಿದ್ದ. ಮೂರು ಅಡಿ ಅಗಲದ ವೃತ್ತದ, ಒಬ್ಬನಿಂದ ಎತ್ತಲಾಗದ ಭಾರದ ಕೋನಮಾಪಕವನ್ನು ಮಾಡಿಕೊಡುವೆನೆಂದ ರ್‍ಯಾಮ್ಸ್‌ಡೆನ್ ಮೂರು ವರ್ಷ ಸತಾಯಿಸಿದ. ಹೇಳಿದ ಹೊತ್ತಿಗೆ ಮಾಡಿಕೊಡದ ಕುಶಲಕರ್ಮಿಗಳು ಎಲ್ಲ ದೇಶದಲ್ಲೂ ಇದ್ದಾರೆ! 1787ರ ಸೆಪ್ಟೆಂಬರಿನಲ್ಲಿ ಕೊನೆಗೂ ಎರಡೂ ಕಡೆಯವರು ಡೋವರ್‌ನಲ್ಲಿ ಕೂಡಿದರು. ಅಷ್ಟರಲ್ಲಿ ಹಿರಿಯ ಕ್ಯಾಸಿನಿ ತೀರಿಕೊಂಡು ಮಗ ಬಂದಿದ್ದ. ಜೊತೆಗೆ ಖಗೋಳಜ್ಞ ಮೆಶೆನ್, ಗಣಿತಜ್ಞ ಲಜಾಂಡ್ರ್. ಆ ಶರತ್ಕಾಲದ ರಾತ್ರಿಗಳಲ್ಲಿ ಇಂಗ್ಲೆಂಡಿನ ದಡದ ಡೋವರ್ ಕೋಟೆ ಮತ್ತು ಫೇರ್‌ಲೈಟ್ ಗುಡ್ಡ, ಫ್ರಾನ್ಸಿನ ದಡದ ಬ್ಲಾಂ-ನೇ ಭೂಶಿರ ಮತ್ತು ಮಾಂಟ್‌ಲಾಂಬೇರ್ ಗುಡ್ಡಗಳ ಮೇಲೆ ಬೆಳ್ಳಗೆ ಉರಿಯುವ ದೀಪಗಳನ್ನು ಹೊತ್ತಿಸಿದರು. ಆಚೆ ದಡದ ಬೆಳಕನ್ನು ಈಚೆ ದಡದವರು ದೂರದರ್ಶಕದಲ್ಲಿ ಹಿಡಿದು ಕೋನ ಬರೆದುಕೊಂಡರು. ಅಕ್ಟೋಬರಿನ ಗಾಳಿ, ಮಂಜು, ಮಳೆ. ನಡುವೆ ಎಲ್ಲೋ ಒಂದು ಚುಕ್ಕೆ ಬೆಳಕು. ವಿಮಾನದ ಕಿಟಕಿಯಿಂದ ನಾನು ಒಂದೇ ನೋಟಕ್ಕೆ ತುಂಬಿಕೊಂಡ ಎರಡು ದಡಗಳನ್ನು ಅವರು ಹಾಗೆ ಸೇರಿಸಿದರು. ಲೆಕ್ಕವೆಲ್ಲ ಮುಗಿದು, ವರದಿ ಅಚ್ಚಾಗುತ್ತಿದ್ದಾಗ ಅದರ ಕರಡು ತಿದ್ದುತ್ತಲೇ 1790ರಲ್ಲಿ ರಾಯ್ ತೀರಿಕೊಂಡ. ಮರುವರ್ಷ ಆಧಾರರೇಖೆಯ ತುದಿಗಳಲ್ಲಿ ಫಿರಂಗಿ ನೆಟ್ಟರು.

ಇದೇ ನೀರಿನ ಮೇಲೆ 1909ರ ಜುಲೈ 25ರಂದು ಲೂಯಿ ಬ್ಲೇರಿಯೊ ತನ್ನ ಪುಟ್ಟ ವಿಮಾನವನ್ನು 36 ನಿಮಿಷ ಚಿಲ್ಲರೆಯಲ್ಲಿ ದಾಟಿಸಿ ಡೋವರ್ ಕೋಟೆಯ ಬಳಿ ಕೆಡವಿದ. ಇಳಿಸಿದ ಅನ್ನುವುದಕ್ಕಿಂತ ಇದೇ ಸರಿಯಾದ ಮಾತು. ಹತ್ತು ವರ್ಷ ಕಳೆದು, 1919ರ ಆಗಸ್ಟ್ 25ರ ಬೆಳಗ್ಗೆ, ದಿನನಿತ್ಯದ ಲಂಡನ್-ಪ್ಯಾರಿಸ್ ವಿಮಾನಸೇವೆ ಶುರುವಾಯಿತು. ಹೊರಟದ್ದು ಎಲ್ಲಿಂದ ಎಂದುಕೊಂಡಿರಿ? ಹೌನ್ಸ್‌ಲೋ ಬಯಲಿನಿಂದಲೇ. ಆ ವಿಮಾನದಲ್ಲಿದ್ದ ಪ್ರಯಾಣಿಕ ಒಬ್ಬನೇ, ಒಬ್ಬ ಪತ್ರಕರ್ತ. ಅವನ ಜೊತೆಗೆ ಒಂದಿಷ್ಟು ಪತ್ರಿಕೆ, ತೊಗಲು, ಬೇಟೆಹಕ್ಕಿ, ಡೆವನ್‌ನ ಕೆನೆಯ ಜಾಡಿಗಳು. ಪ್ಯಾರಿಸ್‌ನ ಲ ಬೂರ್ಜೆಗೆ ಎರಡೂವರೆ ಗಂಟೆ.

ಆಗಿನ ಪೈಲಟ್‌ಗಳು ಕೆಳಗಿನ ರಸ್ತೆ, ರೈಲು ಹಳಿ ನೋಡಿಕೊಂಡು ಹಾರುತ್ತಿದ್ದರು. 1922ರ ಏಪ್ರಿಲ್‌ನಲ್ಲಿ ಮಂಜು ಕವಿದ ದಿನ, ಒಂದು ವಿಮಾನ ಲಂಡನ್ ಕಡೆಯಿಂದ, ಇನ್ನೊಂದು ಪ್ಯಾರಿಸ್ ಕಡೆಯಿಂದ ಒಂದೇ ರಸ್ತೆ ಹಿಡಿದು ತಗ್ಗಿನಲ್ಲಿ ಬಂದು, ಉತ್ತರ ಫ್ರಾನ್ಸಿನಲ್ಲಿ ಮುಖಾಮುಖಿ ಡಿಕ್ಕಿಯಾದವು. ಏಳು ಜನ ಸತ್ತರು. ಆಕಾಶದಲ್ಲೂ ದಾರಿಯ ಬಲಕ್ಕೆ ಚಲಿಸಬೇಕೆಂಬ ಕಟ್ಟಳೆ ಬಲಗೊಂಡದ್ದು ಆಮೇಲೆ.

1950ರ ಜುಲೈ 29ರಂದು ವಿಕರ್ಸ್ ವೈಕೌಂಟ್ ಎಂಬ ಟರ್ಬೊಪ್ರಾಪ್ ವಿಮಾನ ಟಿಕೆಟ್ ಕೊಂಡ ಪ್ರಯಾಣಿಕರನ್ನು ಕೂರಿಸಿಕೊಂಡು ಲಂಡನ್‌ನ ನಾರ್ಥೋಲ್ಟ್‌ನಿಂದ ಹೊರಟು 57 ನಿಮಿಷಕ್ಕೆ ಲ ಬೂರ್ಜೆ ಸೇರಿತು. ಇವತ್ತಿನ ಜೆಟ್ ಅದಕ್ಕಿಂತ ಎಷ್ಟೋ ವೇಗದ್ದು. ಹಾಗಿದ್ದೂ ವೇಳಾಪಟ್ಟಿ ಒಂದೂ ಕಾಲು ಗಂಟೆ ಅನ್ನುತ್ತದೆ. ಉಳಿಸಿದ ವೇಗವನ್ನೆಲ್ಲ ನೆಲ ನುಂಗಿಬಿಟ್ಟಿತು: ರನ್‌ವೇಯ ಸರದಿ, ಇಳಿದ ಮೇಲೆ ಗೇಟಿನವರೆಗಿನ ತೆವಳಾಟ, ಲಂಡನ್‌ಗೆ ಮರಳುವಾಗಲಾದರೆ ಜಾಗ ಸಿಗುವ ತನಕ ಆಕಾಶದಲ್ಲೇ ಒಂದರ ಮೇಲೊಂದು ಅಂತಸ್ತಿನಲ್ಲಿ ಗಾಣದೆತ್ತಿನ ಸುತ್ತು. ತಡವಾಯಿತೆಂಬ ಅಪವಾದ ಬರದಿರಲಿ ಎಂದು ವೇಳಾಪಟ್ಟಿಯವರು ಒಂದಿಷ್ಟು ನಿಮಿಷ ಮೊದಲೇ ಸೇರಿಸಿಟ್ಟುಕೊಳ್ಳುವುದೂ ಉಂಟು. ‘ನಿಗದಿತ ಸಮಯಕ್ಕಿಂತ ಮುಂಚೆಯೇ ಇಳಿದಿದ್ದೇವೆ’ ಎಂದು ಪೈಲಟ್ ಹೆಮ್ಮೆಯಿಂದ ಹೇಳಿದರೆ ನಾನಂತೂ ಚಪ್ಪಾಳೆ ತಟ್ಟುವುದಿಲ್ಲ.

ಇನ್ನು ಸೂರ್ಯನ ಲೆಕ್ಕ. ಗ್ರೀನಿಚ್‌ಗಿಂತ ಪ್ಯಾರಿಸ್ ವೀಕ್ಷಣಾಲಯ ಎರಡು ಡಿಗ್ರಿ ಇಪ್ಪತ್ತು ಮಿನಿಟು ಪೂರ್ವಕ್ಕಿದೆ. ಪ್ಯಾರಿಸ್‌ನ ನೆತ್ತಿಗೆ ಬಂದ ಸೂರ್ಯ ಗ್ರೀನಿಚ್‌ನ ನೆತ್ತಿಗೆ ಬರಲು ಬೇಕಾದದ್ದು 9 ನಿಮಿಷ 21 ಸೆಕೆಂಡು. 1884ರ ವಾಷಿಂಗ್ಟನ್ ಸಭೆ ಗ್ರೀನಿಚ್ಚನ್ನೇ ಜಗತ್ತಿನ ಮೂಲರೇಖೆ ಎಂದು ಒಪ್ಪಿದಾಗ ಫ್ರಾನ್ಸ್ ಮತ ಹಾಕದೆ ಕೂತಿತು. ಕೊನೆಗೆ 1911ರಲ್ಲಿ ಒಪ್ಪಲೇಬೇಕಾಗಿ ಬಂದಾಗ ಕಾನೂನಿನಲ್ಲಿ ಗ್ರೀನಿಚ್ ಎಂಬ ಹೆಸರನ್ನೇ ಎತ್ತಲಿಲ್ಲ. ನಮ್ಮ ಅಧಿಕೃತ ಸಮಯ ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡು ಕಳೆದದ್ದು ಎಂದು ಬರೆದುಕೊಂಡಿತು! ಗಂಡನ ಹೆಸರು ಹೇಳದ ಹಳೆಯ ಕಾಲದ ನಮ್ಮ ಅಜ್ಜಿಯರೂ ಇಷ್ಟು ಚೆನ್ನಾಗಿ ನುಣುಚಿಕೊಳ್ಳುತ್ತಿರಲಿಲ್ಲ. ಈಗಿನ ಒಂದು ಗಂಟೆಯ ಅಂತರಕ್ಕೂ ಸೂರ್ಯನಿಗೂ ಸಂಬಂಧವಿಲ್ಲ. 1940ರಲ್ಲಿ ಪ್ಯಾರಿಸ್ ಹೊಕ್ಕ ಜರ್ಮನ್ ಸೈನ್ಯ ಊರಿನ ಗಡಿಯಾರಗಳನ್ನು ತನ್ನ ಸಮಯಕ್ಕೆ ತಿರುಗಿಸಿತು. ಸೈನ್ಯ ಹೋಯಿತು, ಸಮಯ ಉಳಿಯಿತು.

ಷಾರ್ಲ್ ಡಿ ಗಾಲ್ ನಿಲ್ದಾಣದಲ್ಲಿ ಇಳಿದು ಪಾಸ್‌ಪೋರ್ಟಿನ ಸಾಲಿನಲ್ಲಿ ನಿಂತದ್ದು ಹಾರಿದ್ದಕ್ಕಿಂತ ಹೆಚ್ಚು ಹೊತ್ತು. ಅಲ್ಲಿಂದ ಆರ್‌ಇಆರ್ ಬಿ ರೈಲು. ಅದು 1919ರ ಆ ಪತ್ರಕರ್ತ ಕೆನೆಯ ಜಾಡಿಗಳೊಂದಿಗೆ ಇಳಿದ ಲ ಬೂರ್ಜೆಯನ್ನು ಹಾದು ಊರ ನಡುವೆ ನೆಲದಡಿಯಲ್ಲಿ ನುಗ್ಗುತ್ತದೆ. ನಾನು ಪೋರ್ ರಾಯಲ್ ನಿಲ್ದಾಣದಲ್ಲಿ ಇಳಿದೆ. ಅಲ್ಲಿಂದ ಸ್ವಲ್ಪ ನಡೆದರೆ 1667ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯ. ಗೇಟಿನಾಚೆ ಗಂಭೀರವಾದ ಕಲ್ಲಿನ ಕಟ್ಟಡ. ಪ್ಯಾರಿಸ್‌ನ ರೇಖಾಂಶ ಅದರ ನಟ್ಟನಡುವೆ ಹಾಯುತ್ತದೆ. ಹಿಂದಕ್ಕೆ ಲುಕ್ಸಂಬೂರ್ಗ್ ತೋಟದ ಕಡೆ ನಡೆದರೆ ನೆಲದಲ್ಲಿ ಅಂಗೈಯಗಲದ ಕಂಚಿನ ಬಿಲ್ಲೆಗಳು ಸಿಗುತ್ತವೆ. ಒಂದೊಂದರ ಮೇಲೂ ಅರಾಗೊ ಎಂಬ ಹೆಸರು, ಉತ್ತರ ದಕ್ಷಿಣದ ಗುರುತು. ಇದೇ ರೇಖೆಯ ಅಳತೆಯನ್ನು ದಕ್ಷಿಣಕ್ಕೆ ಒಯ್ದ ವಿಜ್ಞಾನಿಯ ನೆನಪಿಗೆ 1994ರಲ್ಲಿ ಊರುದ್ದಕ್ಕೂ ಇಂಥ 135 ಬಿಲ್ಲೆ ಹೂತಿದ್ದಾರೆ. ಕೆಲವು ಕಳುವಾಗಿವೆ.

ಡೋವರ್‌ನಲ್ಲಿ ರಾಯ್‌ನ ಜೊತೆ ಕೂತಿದ್ದ ಮೆಶೆನ್ ಮುಂದೆ ಇನ್ನೊಬ್ಬ ಖಗೋಳಜ್ಞ ದೆಲಾಂಬ್ರನೊಂದಿಗೆ ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ ಈ ರೇಖೆಯನ್ನು ಅಳೆದ. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯ ಒಂದು ಪಾಲೇ ಮೀಟರ್ ಎಂದು ಗೊತ್ತುಮಾಡಿದ್ದು ಆ ಅಳತೆಯಿಂದ. ಲಂಡನ್-ಪ್ಯಾರಿಸ್ 344 ಕಿಲೋಮೀಟರ್ ಎಂದು ನಾನು ಬರೆದೆನಲ್ಲ, ಆ ಕಿಲೋಮೀಟರೇ ನನ್ನ ಕಾಲಡಿಯ ಈ ಗೆರೆಯ ಮೇಲೆ ಹುಟ್ಟಿದ್ದು. ಬಿಸಿಲಲ್ಲಿ ಬೆಂಚಿನ ಮೇಲೆ ಮಲಗಿದ್ದವರ ನಡುವೆ ಬಗ್ಗಿ ಬಗ್ಗಿ ಬಿಲ್ಲೆ ಹುಡುಕುತ್ತಿದ್ದ ನನ್ನನ್ನು ನೋಡಿ ಒಬ್ಬಾಕೆ ಏನೋ ಕಳೆದುಕೊಂಡಿದ್ದಾನೆಂದು ತಾನೂ ಹುಡುಕಲು ಶುರುಮಾಡಿದಳು.

ಮರಳುವಾಗ ರೈಲಿನಲ್ಲಿ ಬಂದೆ. ಗಾರ್ ದು ನೋರ್‌ನಿಂದ ಸೇಂಟ್ ಪ್ಯಾಂಕ್ರಸ್‌ಗೆ ಹಳಿಯ ದಾರಿ 490 ಕಿಲೋಮೀಟರ್ ಆಸುಪಾಸು, ಅಂದರೆ ಆಕಾಶದ ದಾರಿಯ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಆದರೂ ಎರಡೂ ಕಾಲು ಗಂಟೆಗೆಲ್ಲ ಊರ ನಡುವಿನಿಂದ ಊರ ನಡುವಿಗೆ ತಂದುಬಿಡುತ್ತದೆ. ಕಡಲಡಿಯ ಸುರಂಗದಲ್ಲಿ ನೋಡಲು ಏನೂ ಇಲ್ಲ, ಇಪ್ಪತ್ತು ನಿಮಿಷ ಕತ್ತಲೆ. 1990ರ ಡಿಸೆಂಬರ್ 1ರಂದು ಎರಡು ದೇಶದಿಂದ ಕೊರೆದುಕೊಂಡು ಬಂದವರು ಇದರೊಳಗೆ ಎದುರುಬದುರಾದರು. ಎರಡು ಕೊರೆತಗಳ ನಡುವೆ ಆಗಿದ್ದ ವ್ಯತ್ಯಾಸ ಅಡ್ಡಕ್ಕೆ 358 ಮಿಲಿಮೀಟರ್, ಎತ್ತರದಲ್ಲಿ 58 ಮಿಲಿಮೀಟರ್. ರಾಯ್ ಮತ್ತು ಕ್ಯಾಸಿನಿ ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ಲಂಡನ್-ಪ್ಯಾರಿಸ್ ಪ್ರಯಾಣಕ್ಕೆ ನನ್ನ ತೀರ್ಪು ಇಷ್ಟೇ: ಹೊತ್ತು ಉಳಿಯಬೇಕಾದರೆ ರೈಲು. ನಿಲ್ದಾಣಕ್ಕೆ ಹೋಗಿ ಬರುವುದು, ತಪಾಸಣೆ, ಕಾಯುವುದು ಎಲ್ಲ ಸೇರಿಸಿದರೆ ವಿಮಾನಕ್ಕೆ ಅರ್ಧ ದಿನ ಕೊಡಬೇಕು. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಕಡೆಗೆ ವಿಮಾನ ಹಾರಿಸಬಾರದೆಂದು ಫ್ರಾನ್ಸ್ 2023ರಲ್ಲಿ ಜಾರಿಗೆ ತಂದ ಕಟ್ಟಳೆ ದೇಶದೊಳಗಿನ ಮಾರ್ಗಗಳಿಗೆ ಮಾತ್ರ. ಇದಕ್ಕೂ ಅನ್ವಯಿಸಿದ್ದರೆ ತಪ್ಪೇನಿರಲಿಲ್ಲ. ಆದರೆ ಬದುಕಿನಲ್ಲಿ ಒಂದು ಸಲವಾದರೂ ಹಗಲು ಹೊತ್ತಿನ ವಿಮಾನದಲ್ಲಿ ಹೋಗಿ, ಎಡಗಡೆಯ ಕಿಟಕಿ ಸೀಟು ಕೇಳಿ ಪಡೆಯಿರಿ, ಬಿಳಿಯ ದಡ ಕಂಡ ಮೇಲೆ ಮೊಬೈಲು ಕೆಳಗಿಡಿ. ಆಚೆ ದಡ ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.